ಅಪ್ಪ ಪೂಜೆ ಬಿಟ್ಟದ್ದು

ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಬೆಳಿಗ್ಗೆ ಅಪ್ಪನ ಪೂಜೆ ಮುಗಿಯುವವರೆಗೆ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಅಪ್ಪ ನಡುಮನೆಯಲ್ಲಿ ಮಣೆ ಹಾಕಿಕೊಂಡು ಕೂರುತ್ತಿದ್ದರು. ಸದಾ ಕೊರಳಲ್ಲಿರುತ್ತಿದ್ದ ಲಿಂಗವನ್ನು ಬೆಳ್ಳಿಯ ಕರಡಿಗೆಯಿಂದ ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡರೆ ಮುಗಿಯಿತು, ಆಮೇಲೆ ಅವರಿಗೆ ನಾವು ಯಾರೂ ಇಲ್ಲ. ನಗರ್ತಪೇಟೆಯಲ್ಲಿ ಗುಂಡಿ, ದಾರ, ಲೇಸು ಮಾರುವ ಅಂಗಡಿ ಅವರದು. ದಿನವಿಡೀ ಗಿರಾಕಿಗಳೊಂದಿಗೆ ಗಂಟಲು ಹರಿದುಕೊಳ್ಳುವ ಮನುಷ್ಯ ಪೂಜೆ ಮುಗಿಸಿ ಎದ್ದಾಗ ಮಾತ್ರ ತುಂಬಾ ಮೆತ್ತಗಿರುತ್ತಿದ್ದರು. ಅಕ್ಕ ಅದನ್ನು ಚೆನ್ನಾಗಿ ತಿಳಿದುಕೊಂಡಿದ್ದಳು. ಸಿನಿಮಾಕ್ಕೆ ಹೋಗಲು ಅವಳು ಕೇಳುತ್ತಿದ್ದದ್ದು ಆ ಹೊತ್ತಿನಲ್ಲೇ.

ಅಮ್ಮನಿಗೆ ಅಷ್ಟು ತಾಳ್ಮೆ ಇರಲಿಲ್ಲ. ಅನ್ನ ಕುದಿಯುವಷ್ಟರಲ್ಲಿ ತನ್ನ ಲಿಂಗಕ್ಕೆ ನಾಲ್ಕು ಹನಿ ನೀರು ಹಾಕಿ ಮುಗಿಸಿಬಿಡುತ್ತಿದ್ದಳು. "ನಿಮ್ಮಪ್ಪ ಮನೆಗೆಲ್ಲಾ ಸೇರಿಸಿ ಮಾಡ್ತಾರಲ್ಲ, ಸಾಕು" ಅನ್ನುತ್ತಿದ್ದಳು.

ಅಕ್ಕನಿಗೆ ಚಿಕ್ಕಂದಿನಲ್ಲಿ ಕೀಲುಗಳೆಲ್ಲ ಊದಿಕೊಂಡು ಜ್ವರ ಬಂದಿತ್ತಂತೆ. ಅದು ಹೃದಯದ ವಾಲ್ವನ್ನು ಕೆಡಿಸಿಹೋಗಿದೆ ಎಂದು ಗೊತ್ತಾದದ್ದು ಅವಳು ಬಿ.ಎ. ಓದುತ್ತಿದ್ದಾಗ. ಎಪ್ಪತ್ತರ ದಶಕದ ಮಾತು. ಡಾಕ್ಟರು ಕೊನೆಗೆ ಮನೆಗೆ ಕರೆದುಕೊಂಡು ಹೋಗಿ ಅಂದರು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಹಾಗಾಗಿ ಬೆನ್ನಿಗೆ ದಿಂಬುಗಳನ್ನು ಒಟ್ಟಿಕೊಂಡು ಹಗಲೂ ರಾತ್ರಿ ಕೂತೇ ಇರುತ್ತಿದ್ದಳು. ಅವಳ ಕೋಣೆಗೂ ನಡುಮನೆಗೂ ಒಂದು ಬಾಗಿಲಷ್ಟೇ ಅಡ್ಡ. ಅಪ್ಪನ ಪೂಜೆ ದಿನದಿಂದ ದಿನಕ್ಕೆ ಉದ್ದವಾಗುತ್ತಾ ಹೋಯಿತು.

ಒಂದು ಬೆಳಿಗ್ಗೆ ನಾನು ಹಾಲು ತಗೊಂಡು ಬರುವಷ್ಟರಲ್ಲಿ ಅಪ್ಪ ಅಕ್ಕನ ಮಂಚದ ಪಕ್ಕ ನಿಂತಿದ್ದರು. ಅವರ ಒದ್ದೆ ಅಂಗೈಗೆ ಬಿಲ್ವಪತ್ರೆ ಅಂಟಿಕೊಂಡಿತ್ತು. ಅಮ್ಮ ಹಿತ್ತಲಿನಿಂದ ಓಡಿಬಂದಳು. ಅಕ್ಕ ದಿಂಬಿಗೆ ಒರಗಿಕೊಂಡಂತೆಯೇ ಹೋಗಿಬಿಟ್ಟಿದ್ದಳು.

ಮಣ್ಣು ಮಾಡಿ ಬಂದ ಮಾರನೆಯ ದಿನ ಅಪ್ಪ ಸ್ನಾನ ಮಾಡಿದರು, ಮಣೆ ಹಾಕಲಿಲ್ಲ. ಆ ವಾರವೇ ಕೊರಳಿನಿಂದ ಕರಡಿಗೆ ಬಿಚ್ಚಿ ಅಮ್ಮನ ಕೈಗೆ ಕೊಟ್ಟರು.

"ಕೊರಳಿಂದ ತೆಗೀಬಾರದು ಕಣ್ರೀ" ಅಮ್ಮ ಅದನ್ನು ವಾಪಸ್ ಕೊಡಲು ನೋಡಿದಳು. ನಮ್ಮವರಲ್ಲಿ ಲಿಂಗ ಬಿಚ್ಚಿಟ್ಟವನು ಸತ್ತವನಿಗೆ ಸಮ.

"ದೇವರೂ ಇಲ್ಲ, ಏನೂ ಇಲ್ಲ. ನಿನಗೆ ಬೇಕಿದ್ರೆ ಇಟ್ಕೋ."

ಆಮೇಲೆ ಮಣೆ ಹಾಕಿಕೊಂಡು ಕೂತವಳು ಅಮ್ಮ. ಎರಡು ಲಿಂಗಗಳನ್ನೂ ಇಟ್ಟುಕೊಂಡು ಅಪ್ಪನಿಗಿಂತ ಹೆಚ್ಚು ಹೊತ್ತು ಕೂರುತ್ತಿದ್ದಳು, ತುಟಿ ಅಲ್ಲಾಡುತ್ತಲೇ ಇರುತ್ತಿತ್ತು. ಹೈಸ್ಕೂಲಿಗೆ ಹೋಗುತ್ತಿದ್ದ ನಾನು ಒಂದು ದಿನ ಕೇಳಿಯೇಬಿಟ್ಟೆ: "ಅಪ್ಪ ದೇವರಿಲ್ಲ ಅಂತಾರೆ. ನೀನು ಹೆಂಗೆ ನಂಬ್ತೀಯ, ಇಷ್ಟೆಲ್ಲ ಆದ್ಮೇಲೆ?"

"ಇರಲೇಬೇಕು ಕಣೇ. ಇಲ್ದಿದ್ರೆ ನಾನು ಯಾರನ್ನ ಬೈಲಿ? ದಿನಾ ಕೂತ್ಕೊಂಡು ಅವನನ್ನ ಹೊಗಳ್ತಿದೀನಿ ಅಂದ್ಕೊಂಡಿದೀಯಾ?"

ಅಪ್ಪ ಅವಳನ್ನು ಒಂದು ದಿನವೂ ಹಂಗಿಸಲಿಲ್ಲ. ಅಂಗಡಿಯಿಂದ ಬರುವಾಗ ಮಾರ್ಕೆಟ್ಟಿನಿಂದ ಪತ್ರೆ ತಂದು ನಡುಮನೆಯ ಹೊಸ್ತಿಲ ಮೇಲಿಡುತ್ತಿದ್ದರು. ಬೆಳಿಗ್ಗೆ ಅವಳ ಪೂಜೆ ಮುಗಿಯುವ ತನಕ ಜಗಲಿಯ ಮೇಲೆ ಪೇಪರ್ ಹಿಡಿದು ಕೂತಿದ್ದು, ಆಮೇಲೇ ಕಾಫಿ ಕೇಳುತ್ತಿದ್ದರು.

ಎಂಬತ್ತರ ದಶಕದಲ್ಲಿ ನಾನು ಹನುಮಂತನಗರದ ಒಂದು ಶಾಲೆಯಲ್ಲಿ ಟೀಚರಾಗಿದ್ದಾಗ ಅಪ್ಪನಿಗೆ ಶ್ವಾಸಕೋಶದ ಕ್ಯಾನ್ಸರ್ ಅಂತ ಗೊತ್ತಾಯಿತು. ಒಂದು ಸಂಜೆ ಅವರ ಬೆನ್ನು ಒರೆಸುತ್ತಿದ್ದೆ. ಇದ್ದಕ್ಕಿದ್ದಂತೆ ಮಾತು ತೆಗೆದರು.

"ನಿಮ್ಮಕ್ಕ ಅವತ್ತು ನನ್ನ ಕರೆದಳು."

ನಾನು ಕೈ ನಿಲ್ಲಿಸಿದೆ.

"ಅಪ್ಪಾ ಅಂದಳು. ಪೂಜೆ ಮಧ್ಯೆ ಏಳಬಾರದು ಅಂತ ಕೂತೇ ಇದ್ದೆ. ಮತ್ತೆ ಕರೆದಳು. ಅವಳನ್ನ ಉಳಿಸು ಅಂತ್ಲೇ ಬೇಡ್ಕೋತಿದ್ದೆ ಕಣಮ್ಮ, ಮುಗಿಸಿ ಹೋಗೋಣ ಅಂದ್ಕೊಂಡೆ. ಎದ್ದು ಹೋದಾಗ ಅವಳ ಕಣ್ಣು ಬಾಗಿಲ ಕಡೆ ಇತ್ತು."

ಉಸಿರು ತಗೊಳ್ಳಲು ಅವರಿಗೆ ಬಹಳ ಹೊತ್ತು ಬೇಕಾಯಿತು.

"ದೇವರಿದ್ದೂ ನನ್ನ ಅಲ್ಲಿ ಕೂರಿಸ್ಕೊಂಡ ಅಂದ್ರೆ, ಅವನನ್ನ ಕ್ಷಮಿಸೋದು ನನ್ನ ಕೈಲಾಗಲ್ಲ. ಯಾರೂ ಇರಲಿಲ್ಲ ಅಂದ್ಕೊಂಡ್ರೆ ತಪ್ಪು ನಂದೊಂದೇ. ಅದನ್ನ ಹೆಂಗೋ ಹೊತ್ಕೊಂಡಿರಬಹುದು. ನಿಮ್ಮಮ್ಮನ ಮುಖ ನೋಡ್ಕೊಂಡು ಇದನ್ನ ಹೇಳಕ್ಕೆ ನನಗೆ ಆಗ್ಲೇ ಇಲ್ಲ. ನೀನು ಹೇಳು. ನಾನು ಹೋದಾಗ ಕೈಯಲ್ಲಿ ಲಿಂಗ ಇಡಬೇಡಿ ಅಂತಾನೂ ಹೇಳು."

ಅಡುಗೆಮನೆಯಲ್ಲಿ ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಳು. "ಇಷ್ಟು ವರ್ಷ ಒಬ್ಬರೇ ಇಟ್ಕೊಂಡಿದ್ರಲ್ಲೇ" ಅಂದಳು. ಆಮೇಲೆ ಎದ್ದುಹೋಗಿ ಅವರ ಮಂಚದ ಮೇಲೆ ಕೂತು ಕಾಲು ಒತ್ತತೊಡಗಿದಳು. ಸ್ವಲ್ಪ ಹೊತ್ತಿಗೆ ಅಪ್ಪ ಅಳುವುದು ಕೇಳಿಸಿತು. ಅವರು ಅತ್ತದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಅಪ್ಪ ಹೋದ ದಿನ ದೊಡ್ಡಪ್ಪ ಬಂದು ಎಲ್ಲ ವಹಿಸಿಕೊಂಡರು. ಶವವನ್ನು ಗೋಡೆಗೆ ಒರಗಿಸಿ ಕೂರಿಸಿ ವಿಭೂತಿ ಹಚ್ಚಿದ್ದಾಯಿತು. ಸಂಸ್ಕಾರ ಮಾಡಿಸಲು ಬಂದಿದ್ದ ವಯಸ್ಸಾದ ಅಯ್ಯನವರು ಎಡಗೈಗೆ ಇಡಲು ಲಿಂಗ ಕೇಳಿದರು.

"ಬೇಡ ಅಯ್ಯನೋರೇ" ಅಂದಳು ಅಮ್ಮ.

"ತಲೆ ಕೆಟ್ಟಿದೆಯೇನಮ್ಮಾ ನಿನಗೆ?" ದೊಡ್ಡಪ್ಪ ಗುಡುಗಿದರು. "ಬರಿಗೈಲಿ ಕಳಿಸ್ತೀಯಾ ನನ್ನ ತಮ್ಮನ್ನ?"

"ಬದುಕಿರೋವರೆಗೂ ಅವರು ಸುಳ್ಳಾಗಿ ನಡ್ಕೊಳ್ಳಲಿಲ್ಲ, ಭಾವ. ಸತ್ತ ಮೇಲೆ ನಾವು ಯಾಕೆ ಅವರ ಕೈಲಿ ಸುಳ್ಳಾಡಿಸೋಣ?"

ಮನೆ ತುಂಬ ಗುಸುಗುಸು. ಆ ಜನರಲ್ಲೆಲ್ಲ ದೇವರನ್ನು ಅಮ್ಮನಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದವರು ಇನ್ಯಾರೂ ಇರಲಿಲ್ಲ. ಅಯ್ಯನವರು ಅಪ್ಪನ ಬೆರಳುಗಳನ್ನು ಒಂದೊಂದಾಗಿ ಮಡಚಿ, ಕೈಯನ್ನು ಮಡಿಲಲ್ಲಿಟ್ಟರು.

ದೊಡ್ಡಪ್ಪನ ಮನೆಯವರು ಅಲ್ಲಿಂದಾಚೆ ನಮ್ಮ ಮನೆಯಲ್ಲಿ ನೀರೂ ಕುಡಿಯಲಿಲ್ಲ. ಅಮ್ಮ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಆದರೆ ಪೂಜೆಯಲ್ಲಿ ಅವಳ ಮುಖ ಬೇರೆಯಾಗಿತ್ತು, ಸಿಟ್ಟಿನ ಗಂಟು ಸಡಿಲವಾದ ಹಾಗೆ.

"ಬೈಯೋದು ಮುಗೀತಾ ಅಮ್ಮಾ?" ಅಂತ ಒಂದು ದಿನ ಕೇಳಿದೆ.

"ಈಗ ಬೈಯಕ್ಕೆ ಭಯ ಕಣೇ" ಅಂದಳು. "ಅವರು ಅಲ್ಲಿಗೆ ಹೋಗಿದಾರಲ್ಲ. ಆ ದೇವರು ನನ್ನ ಮೇಲಿನ ಸಿಟ್ಟೆಲ್ಲ ಅವರ ಮೇಲೆ ತೀರಿಸಿಕೊಂಡ್ರೆ? ಅವರನ್ನ ಬೈಬೇಡ, ನಮ್ಮ ಮಗಳ ಹತ್ರ ಕೂರಿಸು ಅಂತ ಕೇಳ್ಕೋತಿದೀನಿ."

ದೇವರಿದ್ದಾನೆಯೇ ಎಂದು ನನ್ನನ್ನು ಕೇಳಿದರೆ ಇವತ್ತಿಗೂ ಗೊತ್ತಿಲ್ಲ. ಅವತ್ತು ಮಾತ್ರ, ಅಮ್ಮ ಕೇಳಿಕೊಂಡದ್ದನ್ನು ನಡೆಸಿಕೊಡಲು ಯಾರಾದರೂ ಒಬ್ಬರು ಇರಲಿ ಅಂತ ಅನ್ನಿಸಿತು.