ಹಿರಿಯರ ಸಾಲಿನ ಬಿಳಿ ಹುಡುಗಿ

ಮೊಳಕಾಲ್ಮೂರಿನ ನನ್ನ ತವರುಮನೆಯ ನಡುಮನೆಯಲ್ಲಿ, ತೀರಿಕೊಂಡ ಹಿರಿಯರ ಫೋಟೋಗಳ ಸಾಲಿನಲ್ಲಿ, ನನ್ನದೂ ಒಂದಿದೆ. ಗಾಬರಿಯಾಗಬೇಡಿ, ಬದುಕಿದ್ದೇನೆ, ಬೆಳಿಗ್ಗೆ ಎರಡು ಲೋಟ ಕಾಫಿ ಕುಡಿದೇ ಇದನ್ನು ಬರೆಯಲು ಕೂತಿದ್ದೇನೆ. ಆದರೆ ಆ ಫೋಟೋಕ್ಕೆ ಕುಂಕುಮವಿದೆ, ಹಾರವಿದೆ, ಎಡಕ್ಕೆ ತಾತ, ಬಲಕ್ಕೆ ಅಜ್ಜಿ. ಹೊಸಬರು ಮನೆಗೆ ಬಂದರೆ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. “ಪಾಪ, ಇಷ್ಟು ಚಿಕ್ಕ ವಯಸ್ಸಿಗೆ! ಏನಾಗಿತ್ತಮ್ಮ?” ಎಂದು ನನ್ನನ್ನೇ ಕೇಳುತ್ತಾರೆ. ಅವರ ಕೈಗೆ ಕಾಫಿ ಕೊಡುತ್ತ “ಕಾಮಾಲೆ” ಎನ್ನುತ್ತೇನೆ. ಅದು ಪೂರ್ತಿ ಸುಳ್ಳೂ ಅಲ್ಲ. ಫೋಟೋದವಳು ನಾನೇ ಎಂದು ಇವತ್ತಿನವರೆಗೆ ಒಬ್ಬರೂ ಗುರುತಿಸಿಲ್ಲ. ಅವಳು ಬೆಳ್ಳಗಿದ್ದಾಳೆ, ನಾನು ಕಪ್ಪಗಿದ್ದೇನೆ. ಗುರುತು ಸಿಗದಿರಲು ಅಷ್ಟು ಸಾಕು.

ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ಬಣ್ಣಕ್ಕೆ ನಮ್ಮಲ್ಲಿ ಬಡತನವಿರಲಿಲ್ಲ. ಗಿಣಿ ಹಸಿರು ಬೇರೆ, ಎಲೆ ಹಸಿರು ಬೇರೆ. ನವಿಲ ಕೊರಳಿನ ಬಣ್ಣ, ಬದನೆಕಾಯಿ ಬಣ್ಣ, ಈರುಳ್ಳಿ ಸಿಪ್ಪೆಯ ಬಣ್ಣ ಎಂದು ಒಂದೊಂದು ಎಳೆಗೂ ಹೆಸರಿತ್ತು. ನೇರಳೆ ತಾ ಎಂದರೆ ಬದನೆಕಾಯಿ ಬಣ್ಣ ತಂದವನೊಡನೆ ಅಪ್ಪ ಒಂದು ಹೊತ್ತು ಮಾತು ಬಿಡುತ್ತಿದ್ದ. ಇಂಥ ಮನೆಯವರು ಮನುಷ್ಯರ ವಿಷಯಕ್ಕೆ ಬಂದರೆ ಮಾತ್ರ ಎರಡೇ ಬಣ್ಣಕ್ಕೆ ಇಳಿಯುತ್ತಿದ್ದರು: ಕೆಂಪು, ಕಪ್ಪು. ಕೆಂಪಗಿದ್ದಾಳೆ ಎಂದರೆ ಬೆಳ್ಳಗಿದ್ದಾಳೆ ಎಂದರ್ಥ. ಕಪ್ಪಗಿದ್ದಾಳೆ ಎಂದರೆ ಹಿಂದೆಯೇ ‘ಆದರೂ’ ಎಂಬ ಮಾತು ಬರುತ್ತದೆ. ಆದರೂ ಲಕ್ಷಣವಾಗಿದ್ದಾಳೆ. ಆದರೂ ಓದಿದ್ದಾಳೆ. ನನ್ನ ಬಾಲ್ಯವೆಲ್ಲ ಆ ‘ಆದರೂ’ ಹಿಡಿದುಕೊಂಡೇ ಕಳೆಯಿತು.

ಬಣ್ಣದ ಮಾತುಗಳ ಈ ಹುಚ್ಚಾಟ ನಮ್ಮ ಮನೆಯದಷ್ಟೇ ಅಲ್ಲ. ಕೆಟ್ಟ ಹಣ ಕಪ್ಪು, ಕೆಟ್ಟ ಪಟ್ಟಿ ಕಪ್ಪು, ಅವಮಾನವಾದರೆ ಮುಖಕ್ಕೆ ಮಸಿ, ಹಬ್ಬದ ಮಾರನೆಯ ದಿನ ‘ಕರಿ’ ಎಂದು ಹೊಸಿಲು ದಾಟಬಾರದು. ಹಾಗೆಂದು ಕಪ್ಪನ್ನು ಬಿಟ್ಟು ನಮ್ಮ ಬಾಳು ನಡೆಯುವುದೂ ಇಲ್ಲ. ಕರಿಮಣಿ ಇಲ್ಲದ ತಾಳಿ ತಾಳಿಯಲ್ಲ, ದೇವರ ಗದ್ದಿಗೆಗೆ ಕರಿ ಕಂಬಳಿಯೇ ಆಗಬೇಕು, ಹೆಣ್ಣು ಕೊಡುವವರು ಗಂಡಿಗೆ ಕರಿ ಎರೆ ಹೊಲ ಇದೆಯೇ ಎಂದು ವಿಚಾರಿಸುತ್ತಾರೆ. ಕೃಷ್ಣ ಎಂದರೂ ಕಪ್ಪು, ಕಾಳಿ ಎಂದರೂ ಕಪ್ಪು. ಕ್ಯಾಲೆಂಡರಿನವರು ಇಬ್ಬರಿಗೂ ನೀಲಿ ಬಳಿದು ಮರ್ಯಾದೆ ಉಳಿಸಿದ್ದಾರೆ. ಇನ್ನು ಬಿಳಿಯ ಲೆಕ್ಕ ತೆಗೆಯಿರಿ. ಹೆಣಕ್ಕೆ ಹೊದಿಸುವುದು ಬಿಳಿ. ನಮ್ಮ ಕಡೆಯ ದೆವ್ವಗಳೆಲ್ಲ ಬಿಳಿ ಸೀರೆಯವೇ. ಕಪ್ಪು ಸೀರೆಯುಟ್ಟ ದೆವ್ವವನ್ನು ಕಂಡವರು ನಮ್ಮೂರಲ್ಲಿ ಯಾರೂ ಇಲ್ಲ.

ರಾಂಪುರದ ಶಾಲೆಯೊಂದರಲ್ಲಿ ಆಗಷ್ಟೇ ಮೇಷ್ಟರಗಿತ್ತಿಯಾಗಿ ಸೇರಿದ್ದೆ. ತೊಂಬತ್ತರ ದಶಕದ ನಡುವಿನ ಮಾತು. ಪಾಠದಲ್ಲಿ ಜಗತ್ತಿನ ಜನರನ್ನು ಬಿಳಿಯರು, ಕರಿಯರು, ಹಳದಿ ಬಣ್ಣದವರು ಎಂದು ಹಂಚಿಟ್ಟಿದ್ದರು. ಓಬಕ್ಕ ಎಂಬ ಹುಡುಗಿ ಎದ್ದು ನಿಂತು, “ಮಿಸ್, ನಾವು ಯಾವುದ್ರಾಗೆ ಬರ್ತೀವಿ?” ಎಂದಳು. ತರಗತಿಯೆಲ್ಲ ಮುಂಗೈ ತಿರುಗಿಸಿ ನೋಡಿಕೊಂಡಿತು. “ಮಧ್ಯದಲ್ಲಿ” ಎಂದು ತಪ್ಪಿಸಿಕೊಳ್ಳಲು ನೋಡಿದೆ. ಓಬಕ್ಕ ನನ್ನನ್ನು ಕನಿಕರದಿಂದ ನೋಡಿ, “ನೀವು ಮಾತ್ರ ಕರಿಯರೇ ಬಿಡ್ರಿ ಮಿಸ್” ಎಂದು ಕೂತಳು. ನಕ್ಕೆ. ನನಗೆ ಆ ಮಾತು ಬೈಗುಳವಲ್ಲ, ನನ್ನ ಹೆಸರೇ ಆಗಿತ್ತು.

ರಿಜಿಸ್ಟರಿನಲ್ಲಿ ನಾನು ಶೈಲಜಾ. ಮನೆಯಲ್ಲಿ ಕರಿಯವ್ವ. ಇಟ್ಟವಳು ಅಜ್ಜಿ, ಅಪ್ಪನ ತಾಯಿ. ನನಗಿಂತ ಮೊದಲು ಅವ್ವನಿಗೆ ಎರಡು ಹೆಣ್ಣು ಕೂಸುಗಳಾಗಿದ್ದವು. ಎರಡೂ ಕೆಂಪಗೆ, ನೋಡಿದವರು ನೋಡುತ್ತಲೇ ನಿಲ್ಲುವಂತಿದ್ದವಂತೆ. ಎರಡೂ ವರ್ಷ ತುಂಬುವ ಮೊದಲೇ ಹೋದವು. ಮೂರನೆಯದಾಗಿ ನಾನು ಹುಟ್ಟಿದಾಗ ಅವ್ವ ಮುಖ ತಿರುಗಿಸಿದ್ದಳಂತೆ. ಅಜ್ಜಿ ಮಾತ್ರ ನನ್ನನ್ನು ದೀಪದ ಹತ್ತಿರ ಹಿಡಿದು, “ಇದು ಉಳೀತೈತೆ. ಇದರ ಮ್ಯಾಲೆ ಯಾರ ಕಣ್ಣೂ ಬೀಳಂಗಿಲ್ಲ” ಎಂದು ಆ ಹೆಸರಿಟ್ಟಳು. ಮಕ್ಕಳು ಉಳಿಯದ ಮನೆಗಳಲ್ಲಿ ತಿಪ್ಪ, ಕಲ್ಲ, ಗುಂಡ ಎಂದು ಹೆಸರಿಟ್ಟು ಸಾವಿಗೆ ಬೇಸರ ಹುಟ್ಟಿಸುವುದು ನಿಮಗೂ ಗೊತ್ತಿರಬಹುದು. ಅಜ್ಜಿಗೆ ‘ಕರಿ’ ಎಂಬುದು ಬಣ್ಣವಲ್ಲ, ಬಾಗಿಲಿಗೆ ಹಾಕಿದ ಅಗುಳಿ.

ಆ ಅಗುಳಿ ತೆಗೆದವಳು ಅವ್ವ. ನನಗೆ ಗಂಡು ಹುಡುಕಲು ಶುರುಮಾಡಿದ ದಿನವೇ, “ಇನ್ ಮ್ಯಾಲೆ ಈ ಮನ್ಯಾಗೆ ಯಾರೂ ಅವಳ್ನ ಕರಿಯವ್ವ ಅನ್ನಂಗಿಲ್ಲ” ಎಂದು ಕಟ್ಟಪ್ಪಣೆಯಾಯಿತು. ಅಜ್ಜಿ ಕಂಡಿಕೆಗೆ ನೂಲು ಸುತ್ತುತ್ತ ಕೂತಿದ್ದವಳು ರಾಟೆ ನಿಲ್ಲಿಸಿದಳು. ಆಮೇಲೆ ಫೋಟೋ ತೆಗೆಸಲು ಅವ್ವ ನನ್ನನ್ನು ಚಳ್ಳಕೆರೆಗೆ ಕರೆದೊಯ್ದಳು. ನಮ್ಮೂರಿನ ಸ್ಟುಡಿಯೋದವನು ಇದ್ದವರನ್ನು ಇದ್ದ ಹಾಗೇ ತೆಗೆಯುತ್ತಾನೆಂಬ ಅಪಖ್ಯಾತಿಗೆ ಗುರಿಯಾಗಿದ್ದ. ಚಳ್ಳಕೆರೆಯ ಸ್ಟುಡಿಯೋದ ಸಾಹೇಬರು ಹಾಗಲ್ಲ. ಬಣ್ಣದ ಫಿಲ್ಮು ಬಂದು ಎಷ್ಟೋ ಕಾಲವಾಗಿದ್ದರೂ ಅವರು ಕಪ್ಪು ಬಿಳುಪಿನಲ್ಲಿ ತೆಗೆದು, ಸಣ್ಣ ಬ್ರಷ್ಷಿನಿಂದ ತಾವೇ ಬಣ್ಣ ತುಂಬುತ್ತಿದ್ದರು. ಸುತ್ತಿನ ತಾಲ್ಲೂಕುಗಳಲ್ಲಿ ಎಷ್ಟು ಮದುವೆಗಳು ಆ ಬ್ರಷ್ಷಿನ ತುದಿಯಲ್ಲಿ ನಿಂತಿದ್ದವೋ!

“ಫಿಕರ್ ಮಾಡ್ಬೇಡಿ ಅಮ್ಮಾ, ಗೋರಾ ಮಾಡಿ ಕೊಡ್ತೀನಿ, ಏಕ್ದಂ ಬೆಳ್ಳಗೆ” ಎಂದು ಅವರು ಅವ್ವನಿಗೆ ಧೈರ್ಯ ಹೇಳಿದರು. “ಕಣ್ಣಿಗೆ ಮಾತ್ರ ಬ್ರಷ್ ಹಚ್ಚಲ್ಲ. ಕಣ್ಣಿಗೆ ಹಚ್ಚಿದ್ರೆ ಆಸಾಮಿನೇ ಬದ್ಲಾಗ್ತಾರೆ.”

ಹೇಳಿದಂತೆಯೇ ಮಾಡಿದರು. ಫೋಟೋ ಕೈಗೆ ಬಂದಾಗ ಬೆಳಕಿಗೆ ಹಿಡಿದು ನೋಡಿದೆ. ಹಾಲಿನಂಥ ಕೆನ್ನೆ, ಗುಲಾಬಿ ತುಟಿ, ಯಾರೋ ಏನೋ. ಆದರೆ ಆ ಮುಖದೊಳಗಿನಿಂದ ನೋಡುತ್ತಿದ್ದ ಕಣ್ಣುಗಳು ನನ್ನವು. ನನ್ನನ್ನು ಯಾರೋ ಒಳಗೆ ಕೂಡಿಹಾಕಿದಂತಿತ್ತು. ಅಪ್ಪನಿಗೆ ಬಹಳ ಮೆಚ್ಚುಗೆಯಾಗಿ, ದೊಡ್ಡದು ಮಾಡಿಸಿ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ. ಎದುರು ಗೋಡೆಯಲ್ಲಿ ನಾನು ತಲೆ ಬಾಚುವ ಕನ್ನಡಿ. ಸಂಜೆ ದೀಪ ಹಚ್ಚುವ ಮುಂಚೆ ನಮ್ಮ ಮನೆಯೊಳಗೆ ಮಗ್ಗ, ಗೋಡೆ, ಜನ ಎಲ್ಲ ಒಂದೇ ನೆರಳಾಗುವಾಗ ಅವಳ ಮುಖವೊಂದೇ ಕಾಣುತ್ತಿತ್ತು. ಕನ್ನಡಿಯಲ್ಲಿ ನಾನು ಕಾಣುತ್ತಿರಲಿಲ್ಲ, ನನ್ನ ಹಿಂದೆ ನಿಂತ ಅವಳು ಕಾಣುತ್ತಿದ್ದಳು.

ಫೋಟೋ ಮೆಚ್ಚಿ ಆಂಧ್ರದ ಗಡಿಯ ಕಡೆಯಿಂದ ಗಂಡಿನವರು ಬಂದರು. ನಾನು ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದೆ. ಗಂಡಿನ ಸೋದರತ್ತೆ ನನ್ನನ್ನು ನೋಡಿದಳು, ಗೋಡೆ ನೋಡಿದಳು, ಮತ್ತೆ ನನ್ನನ್ನು ನೋಡಿ, ಮಗ್ಗುಲವಳನ್ನು ತೆಲುಗಿನಲ್ಲಿ “ಫೋಟೋಲೋ ಪಿಲ್ಲ ಏದಿ?” ಎಂದು ಕೇಳಿದಳು. ಫೋಟೋದ ಹುಡುಗಿ ಎಲ್ಲಿ? ನಮ್ಮೂರಲ್ಲಿ ತೆಲುಗು ಯಾರಿಗೆ ಬರುವುದಿಲ್ಲ? ಎಲ್ಲರಿಗೂ ಕೇಳಿಸಿತು. ಆಮೇಲೆ ಆಕೆ ಕನ್ನಡದಲ್ಲೇ, ಸಮಾಧಾನವಾಗಿ, “ನಾಚ್ಕೆ ಯಾಕವ್ವ, ಒಳಗಿರಾಕೇನ ಕರೀರಿ” ಎಂದಳು. ಆಗ ಅವ್ವ ಒಂದು ಗಳಿಗೆ ಒಳಕೋಣೆಯ ಬಾಗಿಲ ಕಡೆ ತಿರುಗಿ ನೋಡಿದಳು. ನಿಜವಾಗಿಯೂ ನೋಡಿದಳು. ಗಂಡಿನವರು ಒಪ್ಪದೆ ಎದ್ದುಹೋದದ್ದು ನನಗೆ ಅಷ್ಟು ನೋಯಲಿಲ್ಲ, ಅವ್ವನ ಆ ನೋಟ ನೋಯಿಸಿತು.

ಅಂದಿನಿಂದ ಅಜ್ಜಿ ಬೇರೆ ಥರ ಆದಳು. “ಆ ಬಿಳೀ ಹುಡುಗಿ ಯಾರ ಮನೇದು? ಯಾವಾಗ ಹೋಗ್ತಾಳೆ?” ಎಂದು ಗೋಡೆ ತೋರಿಸಿ ಕೇಳುತ್ತಿದ್ದಳು. “ಇವಳೇ ಅಲ್ಲೇನವ್ವ” ಎಂದು ಅಪ್ಪ ನನ್ನನ್ನು ಮುಂದೆ ನಿಲ್ಲಿಸಿದರೆ ಅಲ್ಲವೆಂದು ತಲೆಯಾಡಿಸಿ ರಾಟೆಯ ಕಡೆ ತಿರುಗುತ್ತಿದ್ದಳು. ವಯಸ್ಸಾಯಿತು, ಬುದ್ಧಿ ಜಾರುತ್ತಿದೆ ಎಂದುಕೊಂಡೆವು. ಅಷ್ಟರಲ್ಲಿ ನನಗೆ ಕಾಮಾಲೆ ಬಂತು. ಮೊದಲು ಕಣ್ಣು ಹಳದಿಯಾಯಿತು, ಆಮೇಲೆ ರಕ್ತ ಬತ್ತಿ ಮೈಯೆಲ್ಲ ಬಿಳಿಚಿಕೊಂಡಿತು. ಉಪ್ಪಿಲ್ಲದ ಮಜ್ಜಿಗೆ ಅನ್ನ ಬಿಟ್ಟರೆ ಬೇರೆ ಊಟವಿಲ್ಲ. ನೋಡಲು ಬಂದ ಹೆಂಗಸರು ನನ್ನ ಗಲ್ಲ ಹಿಡಿದು, “ಏನೇ ಹೇಳವ್ವ, ಬ್ಯಾನ್ಯಾಗೆ ಹುಡುಗಿ ಕೆಂಪಗಾಗೈತೆ!” ಎಂದು ಸಂತೋಷಪಟ್ಟರು. ಆಯುಸ್ಸಿನಲ್ಲಿ ಮೊದಲ ಸಲ ನನ್ನ ಬಣ್ಣಕ್ಕೆ ಹೊಗಳಿಕೆ ಸಿಕ್ಕಿತ್ತು, ಎದ್ದು ಕೂರಲು ತ್ರಾಣವಿರಲಿಲ್ಲ.

ಒಂದು ಮಧ್ಯಾಹ್ನ ಅಜ್ಜಿ ಬಂದು ಹಾಸಿಗೆಯ ಪಕ್ಕ ಕೂತಳು. ಬಿಳಿ ಬಟ್ಟೆಯ ಚೂರನ್ನು ನೀರಿಗೆ ಅದ್ದಿ ನನ್ನ ಮುಂಗೈ ತಿಕ್ಕಿದಳು. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಳು, ಮತ್ತೆ ತಿಕ್ಕಿದಳು. ಬಣ್ಣ ಹಾಕಿಸಿ ತಂದ ರೇಷ್ಮೆ ಗಟ್ಟಿಯೋ ಅಲ್ಲವೋ ಎಂದು ನೇಕಾರರು ನೋಡುವುದು ಹೀಗೆಯೇ. “ಬಣ್ಣ ಬಿಡ್ತೈತೆ” ಎಂದಳು, ನನಗಲ್ಲ, ಗೋಡೆಗೆ. ಗೋಡೆಯವಳು ಆ ದಿನಗಳಲ್ಲಿ ಬಹಳ ಲವಲವಿಕೆಯಿಂದ ಇದ್ದಂತೆ ನನಗೂ ಅನಿಸುತ್ತಿತ್ತು. ಜ್ವರದ ಭ್ರಮೆ ಎನ್ನಿ. ನನ್ನ ಮುಖದಿಂದ ಇಳಿದದ್ದೆಲ್ಲ ಅವಳ ಕೆನ್ನೆಗೆ ಏರುತ್ತಿದೆ, ಇನ್ನು ಸ್ವಲ್ಪ ದಿನಕ್ಕೆ ನಾನು ಗೋಡೆಗೆ, ಅವಳು ಹಾಸಿಗೆಗೆ ಎಂದು ಹೆದರಿ ಮಗ್ಗುಲು ಬದಲಿಸುತ್ತಿದ್ದೆ.

ಮಹಾಲಯ ಅಮಾವಾಸ್ಯೆ ಬಂತು. ನಮ್ಮಲ್ಲಿ ಅದು ಹಿರಿಯರ ಹಬ್ಬ. ಮಗ್ಗ ನಿಲ್ಲಿಸಿ, ತೀರಿದವರ ಫೋಟೋಗಳನ್ನು ಇಳಿಸಿ ಸಾಲಾಗಿ ಕೂರಿಸಿ, ಅವರವರಿಗೆ ಇಷ್ಟವಾದದ್ದನ್ನು ಎಲೆಯಲ್ಲಿ ಎಡೆ ಇಡುತ್ತೇವೆ. ತಾತನ ಎಲೆಯ ಪಕ್ಕ ಬೀಡಿ ಕಟ್ಟು. ಆಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲೆಳೆದು ಸ್ವಲ್ಪ ಹೊತ್ತು ಜಗಲಿಯಲ್ಲಿ ಕಾಯುತ್ತೇವೆ. ಹಿರಿಯರು ಬಂದು ಉಣ್ಣಬೇಕಲ್ಲ. ಆ ವರ್ಷ ಅಜ್ಜಿ ಬಿಳಿ ಹುಡುಗಿಯ ಫೋಟೋವನ್ನೂ ಇಳಿಸಿ ತಾತನ ಮಗ್ಗುಲಿಗೆ ಇಟ್ಟಳು. ಕುಂಕುಮ ಹಚ್ಚಿದಳು. ಮುಂದೆ ಎಲೆ ಹಾಕಿ ಉಪ್ಪಿಲ್ಲದ ಮಜ್ಜಿಗೆ ಅನ್ನ ಬಡಿಸಿದಳು. ಪಕ್ಕದಲ್ಲಿ, ಅವ್ವ ನನಗೆಂದು ತಂದಿದ್ದ ಬೆಳ್ಳಗಾಗುವ ಕ್ರೀಮಿನ ಟ್ಯೂಬು.

“ಅವ್ವಾ, ಏನ್ ಮಾಡಾಕ್ಹತ್ತೀಯ? ಕೂಸು ಬದುಕೈತೆ!” ಎಂದು ಅಪ್ಪ ಕೂಗಿದ. ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ಅಳತೊಡಗಿದಳು.

“ಹೊರಗ ನಡೀರಿ” ಎಂದಳು ಅಜ್ಜಿ. ಆ ದನಿಗೆ ಎದುರಾಡಿ ನಮ್ಮ ಮನೆಯಲ್ಲಿ ಯಾರಿಗೂ ಅಭ್ಯಾಸವಿರಲಿಲ್ಲ.

ನನ್ನನ್ನೂ ಎತ್ತಿ ತಂದು ಜಗಲಿಯಲ್ಲಿ ಕೂರಿಸಿದರು. ಕೊನೆಗೆ ಅಜ್ಜಿ ಬಾಗಿಲೆಳೆದು ಬಂದಳು. ನಡು ಮಧ್ಯಾಹ್ನ. ಬೀದಿಯ ಮಗ್ಗಗಳೆಲ್ಲ ಸುಮ್ಮನಿದ್ದವು. ಆ ಸದ್ದಿಲ್ಲದ ಬೀದಿ ನಮ್ಮದೇ ಅಲ್ಲವೆನಿಸುತ್ತಿತ್ತು. ಮುಚ್ಚಿದ ಬಾಗಿಲಿನ ಹಿಂದೆ ನನ್ನ ಎಡೆಯಿತ್ತು. ಎಲೆ ಸರಿದಂತೆ ಒಂದು ಸಣ್ಣ ಸದ್ದು ಕೇಳಿಸಿತೆಂದು ನಾನು ಈಗಲೂ ಹೇಳಬಲ್ಲೆ. ಅವಳು ಒಳಗೆ ಉಣ್ಣುತ್ತಿದ್ದರೆ ಹೊರಗೆ ಕೂತಿರುವವಳು ಯಾರು ಎಂದು ನನ್ನ ಕೈ ನೋಡಿಕೊಂಡೆ. ಬೆಳ್ಳಗಿತ್ತು. ನನಗೆ ಸಾಯುವುದು ಬೇಕಿರಲಿಲ್ಲ. ಯಾವ ಬಣ್ಣದಲ್ಲಾದರೂ ಸರಿ, ಇರಬೇಕಿತ್ತು.

ಒಳಗಿನ ಹಿರಿಯರಿಗೆ ತಿಳಿಯಲೆಂದು ಅಜ್ಜಿ ಚಿಲಕ ಬಡಿದು ಬಾಗಿಲು ತೆಗೆದಳು. ಬಿಳಿ ಹುಡುಗಿಯ ಎಲೆಯಲ್ಲಿ ಅನ್ನದ ಒಂದು ಅಂಚು ಕುಸಿದಿತ್ತು, ಬೆರಳಲ್ಲಿ ತುತ್ತು ತೆಗೆದ ಹಾಗೆ. “ಬೆಕ್ಕು” ಎಂದ ಅಪ್ಪ. ಪಕ್ಕದ ತುಪ್ಪದ ಹೋಳಿಗೆ ಬಿಟ್ಟು ಉಪ್ಪಿಲ್ಲದ ಅನ್ನಕ್ಕೆ ಬಾಯಿ ಹಾಕಿದ ಆ ಬೆಕ್ಕನ್ನು ನಾನು ಇನ್ನೂ ಹುಡುಕುತ್ತಿದ್ದೇನೆ. ಅಜ್ಜಿ ತಾತನ ಫೋಟೋದ ಮುಂದೆ ಬಾಗಿ, ಬದುಕಿದ್ದವನೊಡನೆ ಜಗಳವಾಡುವಂತೆ ಮಾತಾಡಿದಳು.

“ಇಕಾ, ಉಂಡ್ಳು. ಇನ್ ಕರ್ಕಂಡ್ ಹೋಗು. ನಿಮಗೆ ಬಿಳೀದೇ ಬೇಕಿತ್ತಲ್ಲ, ಎರಡು ತಗಂಡ್ರಿ. ಇದೂ ಬಿಳೀದೇ, ಕೊಟ್ಟೀನಿ. ನನ್ ಕರಿಯವ್ವನ ತಂಟೆಗೆ ಮಾತ್ರ ಬರಬ್ಯಾಡ್ರಿ.”

ಬುದ್ಧಿ ಜಾರಿದ್ದು ಯಾರಿಗೆ ಎಂದು ಆಗ ಗೊತ್ತಾಯಿತು. ನನ್ನನ್ನು ಮತ್ತು ಆ ಫೋಟೋವನ್ನು ಬೇರೆ ಬೇರೆ ಎಂದು ಸರಿಯಾಗಿ ತಿಳಿದಿದ್ದವಳು ಮನೆಯಲ್ಲಿ ಅವಳೊಬ್ಬಳೇ. ಹೊಸಿಲಿನಲ್ಲಿ ನಿಂತು ಅಜ್ಜಿ ಬೀದಿಗೆಲ್ಲ ಕೇಳುವಂತೆ, “ಕರಿಯವ್ವಾ, ಬಾರೇ ಉಣ್ಣಾಕೆ!” ಎಂದು ಕೂಗಿದಳು. ನಾನು ಅಲ್ಲೇ ಕೂತು ಜೋರಾಗಿ ಅತ್ತೆ.

ಎಲೆ ಮದ್ದಿನವನು ತನ್ನ ಮದ್ದೆಂದ, ಡಾಕ್ಟರು ತಮ್ಮ ಮದ್ದೆಂದರು. ಅಂತೂ ದಸರೆ ಕಳೆಯುವಷ್ಟರಲ್ಲಿ ನಾನು ಎದ್ದು ಓಡಾಡಿದೆ. ಒಂದು ಬೆಳಿಗ್ಗೆ ಅವ್ವ ನನ್ನ ಮುಖವನ್ನು ಬಿಸಿಲಿಗೆ ತಿರುಗಿಸಿ ನೋಡಿ, “ಕಪ್ಪಗಾದೆಯಲ್ಲೇ ನನ್ನವ್ವಾ” ಎಂದಳು. ಅವಳ ಕಣ್ಣು ತುಂಬಿತ್ತು. ಆ ಮಾತಿನ ಹಿಂದೆ ‘ಆದರೂ’ ಇರಲಿಲ್ಲ. ಮುಂದೆ ನಾನು ಫೋಟೋ ನೋಡದೆ ಬಂದವನನ್ನೇ ಮದುವೆಯಾದೆ.

ಕೊಟ್ಟದ್ದನ್ನು ಹಿರಿಯರಿಂದ ವಾಪಸು ಕೇಳುವ ಧೈರ್ಯ ಯಾರಿಗಿದೆ? ಹಾಗಾಗಿ ಫೋಟೋ ಅಲ್ಲೇ ಉಳಿಯಿತು. ಅಜ್ಜಿಯೂ ಹೋಗಿ ಅವಳ ಪಕ್ಕಕ್ಕೆ ಬಂದಳು, ಕಾವಲಿಗೆ ಬಂದಂತೆ. ನನಗೆ ಕೂದಲು ನೆರೆಯುತ್ತಿದೆ, ಅವಳ ಕೆನ್ನೆಯ ಗುಲಾಬಿ ಹಾಗೇ ಇದೆ. ಪ್ರತಿ ವರ್ಷ ಹಬ್ಬಕ್ಕೆ ಹೋಗುತ್ತೇನೆ. ಅವಳಿಗೆ ಇವತ್ತಿಗೂ ಉಪ್ಪಿಲ್ಲದ ಮಜ್ಜಿಗೆ ಅನ್ನವೇ; ಪಾಪ ಎನಿಸುತ್ತದೆ. ಬಾಗಿಲೆಳೆದು ಜಗಲಿಯಲ್ಲಿ ಕಾಯುತ್ತೇವೆ. ಅವ್ವ ಚಿಲಕ ಬಡಿದು, ಅಜ್ಜಿಯ ದನಿಯಲ್ಲೇ ಕೂಗುತ್ತಾಳೆ, “ಕರಿಯವ್ವಾ, ಬಾರೇ ಉಣ್ಣಾಕೆ!” ಆ ಹೆಸರಿಗೆ ಓಗೊಡಲು ಒಳಗಿನವಳಿಗೆ ಬರುವುದಿಲ್ಲ ಎಂದು ಗೊತ್ತು. ಆದರೂ ನಾನು ಎರಡನೆಯ ಕೂಗಿನವರೆಗೆ ಕಾಯುವುದಿಲ್ಲ.