ಹೊಸ ಕೋಚ್ ಎಂಥವರು?

ನಾನು ಕೋಚ್ ಆಗಿ ಬಂದ ವರ್ಷ ನಮ್ಮ ಕಾಲೇಜಿನ ಫುಟ್‌ಬಾಲ್ ತಂಡ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಕೊನೆಯದನ್ನೂ ಸೋತು, ಹುಡುಗರ ಜೊತೆ ಸಿಟಿ ಬಸ್ಸಿನಲ್ಲಿ ಜಯಲಕ್ಷ್ಮಿಪುರಂಗೆ ವಾಪಸ್ ಬರುತ್ತಿದ್ದೆ.

ನನ್ನ ಪಕ್ಕ ಕೂತಿದ್ದ ಹಿರಿಯರೊಬ್ಬರು ಹುಡುಗರ ಜೆರ್ಸಿ ನೋಡಿ, "ನಾನೂ ಈ ಟೀಮಲ್ಲೇ ಆಡ್ದೋನು ಕಣ್ರೀ. ಹೊಸ ಕೋಚ್ ಬಂದ್ಮೇಲೆ ಎಲ್ಲಾ ಹಾಳಾಗೋಯ್ತಂತೆ. ಆತ ನಿಮಗೆ ಗೊತ್ತಾ?" ಅಂದರು.

ಅದು ನಾನೇ ಅನ್ನಲು ಬಾಯಿ ಬರಲಿಲ್ಲ.

"ಗೊತ್ತು. ಮನುಷ್ಯ ಒಳ್ಳೆಯವನೇ, ಆಟ ಕಲಿಸೋಕೆ ಬರಲ್ಲ," ಅಂದೆ.

"ಪಾಪ, ಹುಡುಗ್ರು," ಎನ್ನುತ್ತ ಅವರು ಇಳಿದುಹೋದರು.

ಹಿಂದಿನ ಸೀಟುಗಳಲ್ಲಿದ್ದ ಹುಡುಗರಿಗೆಲ್ಲ ಇದು ಕೇಳಿಸಿತ್ತು. ತಿರುಗಿ ನೋಡಿದೆ. ಕ್ಯಾಪ್ಟನ್ ಮಂಜು ಕಿಟಕಿಯಾಚೆ ಮುಖ ಮಾಡಿದ. 'ಹಂಗನ್ಬೇಡಿ ಸಾರ್' ಎಂದು ಒಬ್ಬನೂ ಹೇಳಲಿಲ್ಲ.

ಇಡೀ ಸೀಸನ್ನಿನಲ್ಲಿ ನಮ್ಮ ತಂಡ ಒಗ್ಗಟ್ಟಾಗಿದ್ದದ್ದು ಅದೊಂದೇ ಸಲ.