ಆರ್ಡಿಸಳ ಎಡಗೈ ರೀಲು

ವರ್ಲಿನ್ ಟೆಶ್‌ಗೆ ಎಪ್ಪತ್ತೊಂದು ತುಂಬಿದ ವರ್ಷ ಅವನ ಬಲ ಮೊಣಕೈ ಸೋತುಹೋಯಿತು. ನಲವತ್ತು ವರ್ಷ ಊರಿನ ಹಿಮ ತಳ್ಳುವ ಲಾರಿ ಓಡಿಸಿದ ಕೈ ಅದು. ಅದಕ್ಕಿಂತ ಹೆಚ್ಚಾಗಿ, ಲಿಟಲ್ ಬಿಟರ್ನ್ ಕೆರೆಯ ಮೇಲೆ ಮಸ್ಕಿ ಎಂಬ ದೊಡ್ಡ ಮೀನಿಗಾಗಿ, ಗಾಳದ ದಾರ ಸುತ್ತುವ ರೀಲಿನ ಹಿಡಿಕೆ ತಿರುಗಿಸಿ ತಿರುಗಿಸಿ ಸವೆದ ಕೈ. ಡಾಕ್ಟರು ಒತ್ತಿ ನೋಡಿ, ಇನ್ನು ಈ ಕೈಯಲ್ಲಿ ರೀಲು ತಿರುಗಿಸಿದರೆ ನಾಳೆ ಸೂಪಿನ ಚಮಚ ಎತ್ತುವುದಕ್ಕೂ ಆಗುವುದಿಲ್ಲ ಎಂದರು. ಮೀನು ಹಿಡಿಯುವುದನ್ನೇ ಬಿಟ್ಟುಬಿಡು ಎಂದು ಮಾತ್ರ ಹೇಳಲಿಲ್ಲ. ಅವರೂ ವಿಸ್ಕಾನ್ಸಿನ್ನಿನ ಉತ್ತರದವರೇ, ಅಂಥ ಮಾತು ಯಾರಿಗೆ ಹೇಳಬಾರದೆಂದು ಅವರಿಗೆ ಗೊತ್ತು.

ಹಾಗಾಗಿ ವರ್ಲಿನ್ ಬರ್ನೀಸ್ ಕೊಸ್ಕಿಯ ಅಂಗಡಿಗೆ ಹೋದ. ಹುಳ, ಗಾಳ, ದಾರ, ಕಾಫಿ ಮಾರುವ ಅಂಗಡಿ. ಅದರ ಗೋಡೆಯ ತುಂಬ ಮಸ್ಕಿ ಹಿಡಿದವರ ಫೋಟೋಗಳು. ನಮ್ಮಲ್ಲಿ ಮಸ್ಕಿಯನ್ನು ತಿನ್ನಲು ಹಿಡಿಯುವುದಿಲ್ಲ. ಹಿಡಿದು, ಅಳೆದು, ಒಂದು ಫೋಟೋ ತೆಗೆಸಿಕೊಂಡು ನೀರಿಗೇ ಬಿಡುತ್ತೇವೆ. ಐವತ್ತು ಇಂಚು ದಾಟಿದ್ದನ್ನು ಒಮ್ಮೆ ಹಿಡಿದರೆ ಜನ್ಮ ಸಾರ್ಥಕ. ಅಂಥವರ ಫೋಟೋ ಬರ್ನೀಸಳ ಗೋಡೆಯಲ್ಲಿ ಮೇಲಿನ ಸಾಲಿಗೆ ಹೋಗುತ್ತದೆ. ವರ್ಲಿನ್ ಅಲ್ಲಿ ಎರಡು ಕಡೆ ಇದ್ದಾನೆ.

"ಎಡಗಡೆ ಹಿಡಿಕೆ ಇರೋ ರೀಲು ಬೇಕು ಬರ್ನೀಸ್. ದೊಡ್ಡದು. ಯಾವುದು ಒಳ್ಳೇದು ಹೇಳು."

ಬರ್ನೀಸ್ ಮೂರು ರೀಲು ತೆಗೆದು ಮುಂದಿಟ್ಟಳು. "ಇದು ಹಗುರ, ಆದ್ರೆ ದೊಡ್ಡ ಬೊಂಬೆಮೀನು ಕಟ್ಟಿ ಎಳೆದ್ರೆ ಎರಡೇ ವರ್ಷಕ್ಕೆ ಹಲ್ಲುಚಕ್ರ ಸವೀತದೆ. ಇದು ಗಟ್ಟಿ, ಆದ್ರೆ ನಿನ್ನ ಮಣಿಕಟ್ಟು ಮುರೀತದೆ. ಇದು ಪರವಾಗಿಲ್ಲ ಅನ್ನೋ ಥರ." ಆಮೇಲೆ ಕನ್ನಡಕ ಸರಿಮಾಡಿಕೊಂಡು, "ನಿಮ್ಮ ಮನೇಲಿರೋದರ ಮುಂದೆ ಇವು ಮೂರೂ ಯಾವ ಲೆಕ್ಕ ಮಾರಾಯ" ಎಂದಳು.

"ಅದು ಆರ್ಡಿಸಳದು."

"ಗೊತ್ತು ನಂಗೆ."

"ಅದನ್ನ ನಾನು ಮುಟ್ಟಲ್ಲ."

"ಮುಟ್ಟು. ಒಂದು ದಿನ ಮುಟ್ಟಿ ನೋಡು. ಆಮೇಲೂ ಬೇಡ ಅನ್ನಿಸಿದ್ರೆ ಬಾ, ಇದನ್ನ ಕೊಡ್ತೀನಿ." ಬರ್ನೀಸ್ ಮೂರನ್ನೂ ಒಳಗಿಟ್ಟು ಬೀರು ಮುಚ್ಚಿಬಿಟ್ಟಳು. ವ್ಯಾಪಾರ ಬೇಡವೆಂದ ಅಂಗಡಿಯವಳನ್ನು ವರ್ಲಿನ್ ಅವತ್ತೇ ನೋಡಿದ್ದು. ಮುದುಕಿಗೆ ಅರಳುಮರಳು ಎಂದು ಗೊಣಗುತ್ತ ಮನೆಗೆ ಬಂದ.

ಆರ್ಡಿಸ್ ಅವನ ಹೆಂಡತಿ. ಸತ್ತು ಹದಿನಾರು ತಿಂಗಳಾಗಿತ್ತು. ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ಮಕ್ಕಳಿಗೆ ಬಡಿಸಿ ನಿವೃತ್ತಳಾದವಳು, ಒಂದು ಫೆಬ್ರವರಿ ಬೆಳಗ್ಗೆ ಮನೆಯಲ್ಲೇ ಆಲೂಗಡ್ಡೆ ಸುಲಿಯುತ್ತ ಕುರ್ಚಿಯಲ್ಲಿ ಒರಗಿದಳು, ಅಷ್ಟೆ. ಎಡಗೈಯಲ್ಲಿ ಚಾಕು ಹಾಗೇ ಇತ್ತು. ಆರ್ಡಿಸ್ ಎಡಚಿ.

ಎಡಚರ ಪಾಡು ಬಲಗೈಯವರಿಗೆ ಎಲ್ಲಿ ತಿಳಿಯಬೇಕು? ಕತ್ತರಿ ಅವಳಿಗೆ ಉಲ್ಟಾ, ಡಬ್ಬಿ ಕೊರೆಯುವ ಚಕ್ರ ಉಲ್ಟಾ, ಸಾರಿನ ಸೌಟಿನ ಮೂತಿ ಉಲ್ಟಾ. ಒಂದು ಡಿಸೆಂಬರಿನಲ್ಲಿ ಬಟಾಣಿ ಡಬ್ಬಿ ಕೊರೆಯಲಾಗದೆ ಅವಳು ಅದನ್ನು ಸಿಂಕಿಗೆ ಎಸೆದು, "ಈ ಪ್ರಪಂಚ ಮಾಡಿದೋನು ನನ್ನೊಬ್ಬಳನ್ನ ಕೇಳೋದು ಮರೆತ" ಎಂದಳು. ತಮಾಷೆಗೇ ಅಂದಿದ್ದು. ಆದರೆ ವರ್ಲಿನ್ ಅವತ್ತು ಸಿಂಕಿನಿಂದ ಡಬ್ಬಿ ಎತ್ತಿ ತಾನೇ ಕೊರೆದುಕೊಟ್ಟ. ಇಪ್ಪತ್ತನಾಲ್ಕು ವರ್ಷದಿಂದ ಇವಳು ನನ್ನ ದೋಣಿಯ ಹಿಂದಿನ ಸೀಟಿನಲ್ಲಿ ಕೂತು ನನ್ನ ಹಳೆಯ ರೀಲಿನಲ್ಲಿ ಮೀನು ಹಿಡಿಯುತ್ತಿದ್ದಾಳೆ, ಬಲಗಡೆ ಹಿಡಿಕೆಯ ರೀಲು, ಅದೂ ಉಲ್ಟಾನೇ ಅಲ್ಲವೇ, ಬಾಯಿಬಿಟ್ಟು ಒಂದು ಮಾತು ಹೇಳಲಿಲ್ಲವಲ್ಲ ಎಂದುಕೊಂಡ. ಇರಲಿ, ಪ್ರಪಂಚ ಹೇಗಾದರೂ ಇರಲಿ, ನನ್ನ ದೋಣಿಯಲ್ಲಾದರೂ ಇವಳಿಗೆ ಎಲ್ಲ ಸರಿಯಾಗಿರಬೇಕು.

ಮನೆಗೆ ಒಂದು ಪರದೆ ಬಟ್ಟೆ ಆರಿಸಿದವನಲ್ಲ ಅವನು. ಮದುವೆಯ ಉಂಗುರವನ್ನೂ ಅವನ ಅಕ್ಕನೇ ಆರಿಸಿದ್ದು. ಅಂಥವನು ಆ ಚಳಿಗಾಲ ಪೂರ್ತಿ ಅಡುಗೆಮನೆಯ ಮೇಜಿನ ಮೇಲೆ ಕ್ಯಾಟಲಾಗು ಹರಡಿಕೊಂಡು ಕೂತ. ಆಗ ಮಸ್ಕಿಗೆ ತಕ್ಕ ದೊಡ್ಡ ರೀಲುಗಳಲ್ಲಿ ಎಡ ಹಿಡಿಕೆಯವು ಸಿಗುತ್ತಿದ್ದುದೇ ಅಪರೂಪ. ಮಿನಿಯಾಪೊಲಿಸ್ಸಿಗೆ ಫೋನು ಮಾಡಿದ, ಮಿಲ್ವಾಕಿಗೆ ಮಾಡಿದ. ಚಕ್ರದ ಹಲ್ಲು ಎಷ್ಟು, ಹಿಡಿಕೆ ಎಷ್ಟುದ್ದ, ಒಂದು ಸುತ್ತಿಗೆ ದಾರ ಎಷ್ಟು ಬರುತ್ತದೆ ಎಂದು ಬರೆದು ಬರೆದು ಹೋಲಿಸಿದ. ಮೇ ತಿಂಗಳ ಕೊನೆಯ ಶನಿವಾರ, ಮಸ್ಕಿ ಹಿಡಿಯುವ ಋತು ಶುರುವಾಗುವ ದಿನ, ದೋಣಿಯ ಹತ್ತಿರ ಅದನ್ನು ಅವಳ ಮಡಿಲಲ್ಲಿಟ್ಟ.

ಆರ್ಡಿಸ್ ಬಹಳ ಹೊತ್ತು ಅದನ್ನೇ ನೋಡಿದಳು. "ನನ್ನ ಹಳೇದು ಎಲ್ಲಿ?"

"ಚರ್ಚಿನವರ ಹಳೇ ಸಾಮಾನು ಮಾರಾಟಕ್ಕೆ ಕೊಟ್ಟೆ. ಇನ್ನೇನಕ್ಕೆ ಅದು ನಿಂಗೆ?"

"ಹೌದಲ್ಲ" ಎಂದಳು ಆರ್ಡಿಸ್. "ಇದು ನನ್ನ ಕೈಗೆ ಅಂತಲೇ ಮಾಡಿದ ಹಾಗಿದೆ ಕಣೋ" ಎಂದು ಅವನ ಕೆನ್ನೆ ತಟ್ಟಿದಳು. ಅವತ್ತು ವರ್ಲಿನ್‌ನಷ್ಟು ಸುಖಿ ಆ ಕೆರೆಯ ಸುತ್ತಮುತ್ತ ಇನ್ನೊಬ್ಬನಿರಲಿಲ್ಲ.

ಏಳು ವರ್ಷ ಅವಳು ಆ ರೀಲಿನಲ್ಲೇ ಹಿಡಿದಳು. ಮೂವತ್ತು, ಮೂವತ್ತೈದು ಇಂಚಿನವು ಅಪರೂಪಕ್ಕೆ ಸಿಕ್ಕವು, ದೊಡ್ಡದು ಒಂದೂ ಇಲ್ಲ. ಸಾಯುವುದಕ್ಕೆ ನಾಲ್ಕು ತಿಂಗಳ ಮುಂಚೆ, ಅಕ್ಟೋಬರಿನಲ್ಲಿ, ಅವರ ಕೊನೆಯ ದಿನ. ಮಸ್ಕಿಯ ಒಂದು ಚಾಳಿ ಇದೆ. ಗಾಳಕ್ಕೆ ಕಟ್ಟಿದ ಬೊಂಬೆಮೀನಿನ ಹಿಂದೆಯೇ ದೋಣಿಯವರೆಗೂ ಬರುತ್ತದೆ, ಆದರೆ ಕಚ್ಚುವುದಿಲ್ಲ. ಆಗ ಕ್ಷಣ ಬಿಡದೆ ಕೋಲಿನ ತುದಿ ನೀರಿಗಿಳಿಸಿ, ಬೊಂಬೆಯನ್ನು ದೋಣಿಯ ಪಕ್ಕದಲ್ಲೇ 8ರ ಆಕಾರದಲ್ಲಿ ಎರಡು ಸುತ್ತು ಸುತ್ತಿಸಬೇಕು. ಎಂಟು ಬರೆಯುವುದು ಎನ್ನುತ್ತೇವೆ ಅದಕ್ಕೆ. ಬೊಂಬೆ ಅರೆಕ್ಷಣ ನಿಂತರೂ ಮೀನು ಮುಳುಗಿ ಹೋಗುತ್ತದೆ. ಅವತ್ತು ಆರ್ಡಿಸ್ ಹಿಂದಿನಿಂದ ಸಣ್ಣಗೆ "ವರ್ಲಿನ್" ಎಂದಳು. ಮುಂದಿನ ಸೀಟಿನಲ್ಲಿ ಅತ್ತ ಮುಖ ಮಾಡಿ ಕೂತಿದ್ದ ಅವನು ತಿರುಗುವುದರೊಳಗೆ, ದೋಣಿಯ ಅರ್ಧದಷ್ಟಿದ್ದ ಮೀನೊಂದು ಮೆಲ್ಲಗೆ ತಳಕ್ಕೆ ಇಳಿಯುತ್ತಿತ್ತು.

"ಮೂವತ್ತು ವರ್ಷ ಆಯ್ತು, ಇನ್ನೂ ಒಂದು ಎಂಟು ಬರೆಯೋಕೆ ಬರಲ್ವಲ್ಲೇ ನಿಂಗೆ. ಐವತ್ತು ಇಂಚು ಈ ಜನ್ಮದಲ್ಲಿ ನಿನ್ನ ಕೈಗಿಲ್ಲ ಬಿಡು."

"ಕೈ ಮರಗಟ್ಟಿತ್ತು" ಎಂದಳು ಆರ್ಡಿಸ್.

ಅಷ್ಟಕ್ಕೇ ಬಿಟ್ಟನೇ? ಆ ಶುಕ್ರವಾರ ಡೆಲ್ಮರನ ಬಾರಿನಲ್ಲಿ, ಎಲ್ಲರೂ ಕರಿದ ಮೀನು ತಿಂದು ಬ್ರಾಂಡಿ ಹಿಡಿದು ಕೂತಾಗ, ಎದ್ದು ನಿಂತು ಅಭಿನಯಿಸಿ ತೋರಿಸಿದ. ಆರ್ಡಿಸ್ ಹೀಗೆ ಬಾಯಿಬಿಟ್ಟುಕೊಂಡು ಕೂತಿದ್ದಳು, ಮೀನು ಅವಳಿಗೆ ಕೈಬೀಸಿ ಹೋಯಿತು ಎಂದು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಆರ್ಡಿಸಳೂ ನಕ್ಕಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೆಂಡತಿ ಸತ್ತ ಮೇಲೆ ವರ್ಲಿನ್‌ಗೆ ಆ ಮಾತೇ ಮುಳ್ಳಾಗಿ ನೆಟ್ಟಿತ್ತು. ಅವಳು ನಿಜಕ್ಕೂ ನಿಧಾನವಾಗಿದ್ದಳು ತಾನೇ, ಇದ್ದದ್ದನ್ನೇ ಅಂದೆ ತಾನೇ, ಎಂದು ದಿನಾ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಆ ಒಂದು ಸಮಾಧಾನದ ಮೇಲೆಯೇ ಅವನ ಜೀವ ನಿಂತಿತ್ತು.

ಈಗ ಬರ್ನೀಸಳ ಮಾತಿಗೆ ಅವನು ಆರ್ಡಿಸಳ ಚೀಲ ಬಿಚ್ಚಿದ. ರೀಲನ್ನು ತನ್ನ ಕೋಲಿಗೆ ಬಿಗಿದು, ಮಾರನೆಯ ಬೆಳಗ್ಗೆ ಒಬ್ಬನೇ ಕೆರೆಗಿಳಿದ.

ಬೊಂಬೆಯನ್ನು ಬಲಗೈಯಲ್ಲಿ ಎಸೆದ. ಅಭ್ಯಾಸಬಲದಿಂದ ಕೋಲನ್ನು ಎಡಗೈಗೆ ದಾಟಿಸಲು ಹೋದ. ಜೀವಮಾನವಿಡೀ ಅವನು ಮಾಡಿದ್ದು ಅದನ್ನೇ. ಬಲಗೈಯವರೆಲ್ಲ ಹಾಗೇ, ಬಲದಲ್ಲಿ ಎಸೆದು, ಕೋಲನ್ನು ಎಡಕ್ಕೆ ದಾಟಿಸಿ, ಬಲದಲ್ಲಿ ಹಿಡಿಕೆ ತಿರುಗಿಸುವುದು. ಆದರೆ ಈ ರೀಲಿನ ಹಿಡಿಕೆ ಎಡಕ್ಕಿತ್ತು. ದಾಟಿಸುವ ಕೆಲಸವೇ ಇರಲಿಲ್ಲ. ಎಸೆದ ಕೈಯಲ್ಲೇ ಕೋಲು, ಇನ್ನೊಂದು ಕೈಯಲ್ಲಿ ಹಿಡಿಕೆ. ಬೊಂಬೆ ದೋಣಿಯ ಪಕ್ಕಕ್ಕೆ ಬಂದಾಗ ಬಲಗೈ ತಾನಾಗಿಯೇ ಎಂಟು ಬರೆಯಿತು. ಬೆಣ್ಣೆಯಲ್ಲಿ ಚಾಕು ಆಡಿಸಿದ ಹಾಗಿತ್ತು. ಇಷ್ಟು ಸಲೀಸೇ ಇದು, ಅಯ್ಯೋ, ಐವತ್ತು ವರ್ಷ ಕತ್ತೆಯಂತೆ ದುಡಿದೆನಲ್ಲ ಎಂದು ನಗು ಬಂತು ಅವನಿಗೆ.

ನಗು ಅಲ್ಲೇ ನಿಂತಿತು.

ಆರ್ಡಿಸ್ ಎಸೆಯುತ್ತಿದ್ದುದು ಎಡಗೈಯಲ್ಲಿ.

ವರ್ಲಿನ್ ಎದ್ದು ಹಿಂದಿನ ಸೀಟಿಗೆ ಹೋಗಿ ಕೂತ. ಅವಳ ಸೀಟು. ಕೋಲನ್ನು ಎಡಗೈಗೆ ತೆಗೆದುಕೊಂಡು ಅವಳಂತೆ ಎಸೆದ. ಹಿಡಿಕೆ ಎಡಕ್ಕೇ ಇದೆ, ತಿರುಗಿಸಬೇಕಾದರೆ ಕೋಲನ್ನು ಬಲಕ್ಕೆ ದಾಟಿಸಬೇಕು. ದಾಟಿಸಿದ. ಬೊಂಬೆ ಪಕ್ಕಕ್ಕೆ ಬಂತು. ಎಂಟು ಬರೆಯಲು ಎಡಚಿಗೆ ಶಕ್ತಿಯಿರುವುದು ಎಡಗೈಯಲ್ಲಿ, ಮತ್ತೆ ದಾಟಿಸಬೇಕು. ದಾಟಿಸುವಾಗ ಬೊಂಬೆ ನೀರಿನಲ್ಲಿ ನಿಂತಿತು. ಅರೆಕ್ಷಣವೇ ನಿಂತಿದ್ದು. ಹತ್ತು ಸಲ ಎಸೆದು ನೋಡಿದ, ಹತ್ತು ಸಲವೂ ನಿಂತಿತು.

ಅವಳ ಹಳೆಯ ರೀಲು, ಎಲ್ಲರಂಥದೇ ಬಲ ಹಿಡಿಕೆಯ ರೀಲು, ಅವಳಿಗೆ ಉಲ್ಟಾ ಆಗಿರಲೇ ಇಲ್ಲ. ಎಡದಲ್ಲಿ ಎಸೆದು, ಎಡದಲ್ಲೇ ಹಿಡಿದು, ಬಲದಲ್ಲಿ ತಿರುಗಿಸುವುದು. ಇಡೀ ಪ್ರಪಂಚದಲ್ಲಿ ಅವಳ ಕೈಗೆ ಸರಿಯಾಗಿ ಕೂತದ್ದು ಅದೊಂದೇ ವಸ್ತು. ಹುಡುಕಿ ಹುಡುಕಿ, ಒಂದು ಚಳಿಗಾಲವಿಡೀ ಪ್ರೀತಿಯಿಂದ ಕೂತು, ಅದನ್ನೇ ಅವನು ಅವಳಿಂದ ಕಿತ್ತುಕೊಂಡಿದ್ದ. ಮೂವತ್ತೊಂದು ವರ್ಷ ಒಂದೇ ದೋಣಿಯಲ್ಲಿ ಕೂತವನು, ಒಂದು ದಿನವಾದರೂ ತಿರುಗಿ ಹೆಂಡತಿಯ ಕೈ ಹೇಗೆ ಆಡುತ್ತದೆಂದು ನೋಡಲಿಲ್ಲ. ಕಣ್ಣಿದ್ದೂ ಕುರುಡ ಅನ್ನುವುದು ಇಂಥವನಿಗೇ.

ಅಂಗಡಿಗೆ ಹೋದಾಗ ಅವನ ಬೂಟು ಇನ್ನೂ ಒದ್ದೆಯಿತ್ತು.

"ನಿಂಗೆ ಗೊತ್ತಿತ್ತು" ಎಂದ.

"ಗೊತ್ತಿತ್ತು." ಬರ್ನೀಸ್ ಬಾಗಿಲಿಗೆ ಚಿಲಕ ಹಾಕಿ ಬಂದು, ಕಟ್ಟೆಯ ಕೆಳಗಿನಿಂದ ಫ್ಲಾನೆಲ್ ಬಟ್ಟೆಯಲ್ಲಿ ಸುತ್ತಿದ್ದೊಂದನ್ನು ತೆಗೆದಿಟ್ಟಳು. ಆರ್ಡಿಸಳ ಹಳೆಯ ರೀಲು. ಎಣ್ಣೆ ಹಾಕಿ ಒರೆಸಿ ಇಟ್ಟಿತ್ತು. "ಚರ್ಚಿನ ಮಾರಾಟದಲ್ಲಿ ಮೊದಲು ಬಂದು ನಿಂತೋಳು ಅವಳೇ. ತಂದು ಇಲ್ಲಿಟ್ಟಳು. ಬುಧವಾರ ಮಧ್ಯಾಹ್ನ ನೀನು ಇಸ್ಪೀಟಿಗೆ ಹೋಗ್ತಿದ್ದೆಯಲ್ಲ, ಆಗ ನಾವಿಬ್ಬರೂ ನನ್ನ ದೋಣೀಲಿ ಹೋಗ್ತಿದ್ವಿ."

"ನನಗೆ ಯಾಕೆ ಹೇಳಲಿಲ್ಲ ಅವಳು?"

"ನಾನೂ ಅದನ್ನೇ ಕೇಳ್ದೆ. ಅವನಿಗೆ ಹೇಳೇ, ಬದಲಾಯಿಸಿ ಕೊಡ್ತಾನೆ ಅಂದೆ. ಏನಂದಳು ಗೊತ್ತಾ? 'ನಂಗೆ ಅಂತ ಅವನು ಈ ಜೀವಮಾನದಲ್ಲಿ ಆರಿಸಿದ್ದು ಇದೊಂದೇ ಬರ್ನೀಸ್. ಅದೂ ತಪ್ಪು ಅಂತ ನಾನು ಹ್ಯಾಗೆ ಹೇಳಲಿ' ಅಂದಳು."

ವರ್ಲಿನ್ ಸ್ಟೂಲಿನ ಮೇಲೆ ಕೂತ. ಬರ್ನೀಸ್ ಡ್ರಾಯರಿನಿಂದ ಒಂದು ಫೋಟೋ ತೆಗೆದು ಅವನ ಮುಂದೆ ಸರಿಸಿದಳು. "ಇದನ್ನ ಕೊಡಬೇಕೋ ಬೇಡವೋ ಅಂತ ಹದಿನಾರು ತಿಂಗಳು ಒದ್ದಾಡಿದೀನಿ."

ಫೋಟೋದಲ್ಲಿ ಆರ್ಡಿಸ್ ಬರ್ನೀಸಳ ದೋಣಿಯಲ್ಲಿ ನಿಂತಿದ್ದಳು. ಎರಡೂ ತೋಳಿನ ಮೇಲೆ ಮಗುವಿನಂತೆ ಒಂದು ಮಸ್ಕಿ, ಬಾಲ ಚಿತ್ರದ ಆಚೆಗೆ ಹೋಗಿತ್ತು. ಟೋಪಿ ಜಾರಿತ್ತು, ಹೆಬ್ಬೆರಳಿನಿಂದ ರಕ್ತ ಇಳಿದಿತ್ತು, ಬಾಯಿ ತುಂಬ ನಗು. ಅಂಥ ನಗುವನ್ನು ವರ್ಲಿನ್ ತನ್ನ ದೋಣಿಯಲ್ಲಿ ಒಮ್ಮೆಯೂ ನೋಡಿರಲಿಲ್ಲ. ಫೋಟೋದ ಬೆನ್ನಿಗೆ ಅವಳದೇ ಕೈಬರಹದಲ್ಲಿ ತಾರೀಕು, ಐವತ್ತೊಂದೂವರೆ ಇಂಚು ಎಂದು ಬರೆದಿತ್ತು. ತಾರೀಕು ನಾಲ್ಕು ವರ್ಷದ ಹಿಂದಿನ ಸೆಪ್ಟೆಂಬರು. ಈ ಜನ್ಮದಲ್ಲಿ ನಿನ್ನ ಕೈಗಿಲ್ಲ ಎಂದು ಅವನು ಅಂದಾಗ, ಅವಳು ಹಿಡಿದು ಎರಡು ವರ್ಷ ದಾಟಿತ್ತು.

"ಗೋಡೆಗೆ ಯಾಕೆ ಹಾಕಲಿಲ್ಲ?"

"ಹ್ಯಾಗೆ ಹಾಕಲಿ? ವಾರಕ್ಕೆ ನಾಲ್ಕು ದಿನ ಬಂದು ಇಲ್ಲೇ ಕಾಫಿ ಕುಡೀತೀಯ. ಯಾವ ರೀಲಲ್ಲಿ ಅಂತ ನೀನು ಕೇಳ್ತಿದ್ದೆ."

ಅವನಿಗೆ ಆ ಸಂಜೆ ನೆನಪಾಯಿತು. ಇಸ್ಪೀಟಿನಲ್ಲಿ ಸೋತು ಬಂದಿದ್ದ. ಆರ್ಡಿಸ್ ಒಲೆಯ ಮುಂದೆ ಆಲೂಗಡ್ಡೆ ದೋಸೆ ಹುಯ್ಯುತ್ತ ಗುನುಗುತ್ತಿದ್ದಳು. ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ತುರಿಮಣೆ ತಾಗಿತು ಎಂದಿದ್ದಳು. ಇನ್ನೇನೋ ಹೇಳಲು ಬಾಯಿ ತೆರೆದು, ಅವನ ಮುಖ ನೋಡಿ ಮುಚ್ಚಿಕೊಂಡಿದ್ದಳು.

ಶುಕ್ರವಾರ ಡೆಲ್ಮರನ ಬಾರಿನಲ್ಲಿ ಮಿಲ್ವಾಕಿಯಿಂದ ಬಂದ ಇಬ್ಬರಿದ್ದರು. ಡೆಲ್ಮರ್ ಗ್ಲಾಸು ಒರೆಸುತ್ತ, "ವರ್ಲಿನ್, ಇವರಿಗೆ ಆರ್ಡಿಸಳ ಮೀನಿನ ಕಥೆ ಹೇಳಪ್ಪ, ನಕ್ಕು ಸಾಯಲಿ" ಎಂದ.

ವರ್ಲಿನ್ ಎದ್ದು ನಿಲ್ಲಲಿಲ್ಲ. ಜೇಬಿನಿಂದ ಫೋಟೋ ತೆಗೆದು ಕಟ್ಟೆಯ ಮೇಲಿಟ್ಟ. ಬಗ್ಗಿ ನೋಡಿದ ಡೆಲ್ಮರನ ಕೈ ಗ್ಲಾಸಿನ ಮೇಲೆ ನಿಂತಿತು.

"ಐವತ್ತೊಂದೂವರೆ" ಎಂದ ವರ್ಲಿನ್. "ಇದನ್ನ ಹಿಡಿದು ಮನೆಗೆ ಬಂದಿದ್ದಳು ಅವಳು ಅವತ್ತು. ನಾನು ಬಾಗಿಲಲ್ಲೇ ನಿಂತು, ಊಟ ಯಾಕೆ ಇನ್ನೂ ಆಗಿಲ್ಲ ಅಂತ ಕೇಳಿದೆ."